ಯಾರ ಮಹಿಳಾ ಸಮಾಜ? ಯಾರ ಸೇವೆ?

ಅಣ್ಣಂದಿರೆ, ಗೆಳತಿಯರೆ,

ಇದನ್ನ ಬರೀತಾ ಇರೋರು ನಾವು, ಹೆಣ್ಣುಮಕ್ಕಳ ಹಾಸ್ಟೆಲಿನವರು. ಒಬ್ಬಳ ಹೆಸರು ಹಾಕಿದರೆ ನಾಳೆ ಬೆಳಿಗ್ಗೆ ವಾರ್ಡನ್ ಆ ಒಬ್ಬಳನ್ನೇ ಕರೆಸಿ ನಿಲ್ಲಿಸಿಕೊಳ್ತಾರೆ. ಅದಕ್ಕೇ ಹೆಸರಿಲ್ಲ. ನಾವೆಲ್ಲ ಕೂತು ಮಾತಾಡಿದ್ದನ್ನ ನಾವೆಲ್ಲ ಸೇರಿ ಬರೆದಿದೀವಿ.

ಹೋದ ಸ್ವಾತಂತ್ರ್ಯ ದಿನಾಚರಣೆಗೆ ನಮ್ಮ ಹಾಸ್ಟೆಲಿಗೆ ಒಂದು ಮಹಿಳಾ ಕ್ಲಬ್ಬಿನವರು ಬಂದಿದ್ದರು. ಯಾವ ಕ್ಲಬ್ಬು ಅಂತ ಹೇಳೋದಿಲ್ಲ. ಹೇಳಬೇಕಾದ್ದೂ ಇಲ್ಲ, ಪ್ರತಿ ತಾಲ್ಲೂಕಿನಲ್ಲೂ ಅಂಥದ್ದೊಂದು ಇರುತ್ತೆ. ಎಂಟು ಗಂಟೆಗೆ ನಮ್ಮನ್ನ ಸಾಲಾಗಿ ನಿಲ್ಲಿಸಿದರು, ಹನ್ನೊಂದೂವರೆಗೆ ಮೂರು ಕಾರು ಬಂದವು. ಬ್ಯಾನರ್ ಕಟ್ಟಿದರು. ತಲೆಗೊಂದು ಬಾಳೆಹಣ್ಣು, ಒಂದು ಬನ್ನು, ಒಂದು ನೋಟ್‌ಬುಕ್ಕು. ಕೊಡುವಾಗ ಫೋಟೋ. ನಮ್ಮಲ್ಲೊಬ್ಬಳು ಕಣ್ಣು ಮುಚ್ಚಿಬಿಟ್ಟಳು ಅಂತ ಅವಳ ಕೈಯಿಂದ ನೋಟ್‌ಬುಕ್ಕು ವಾಪಸ್ ಇಸ್ಕೊಂಡು ಮತ್ತೆ ಕೊಟ್ಟರು. ಅಡುಗೆ ಅಕ್ಕ ಕಾಫಿ ಮಾಡಿ ತಂದಿಟ್ಟರು. 'ಈಗ ತಾನೇ ಆಯ್ತಮ್ಮಾ' ಅಂದರು ಒಬ್ಬರು. ಎಲ್ಲರಿಗೂ ಈಗ ತಾನೇ ಆಗಿತ್ತು! ಕಾರಿನಿಂದ ಫ್ಲಾಸ್ಕು ಇಳಿಯಿತು. ನಮ್ಮ ಲೋಟಗಳಲ್ಲಿ ಕಾಫಿ ಕೆನೆಕಟ್ಟಿ ಹಾಗೇ ಆರಿಹೋಯಿತು.

ಆಮೇಲೆ ಸ್ವಚ್ಛತೆ ಮೇಲೆ ಭಾಷಣ. ದಿನಾ ಸ್ನಾನ ಮಾಡಬೇಕಂತೆ. ನಮ್ಮ ಬಚ್ಚಲಿಗೆ ನಾಲ್ಕು ದಿನದಿಂದ ನೀರು ಬಂದಿರಲಿಲ್ಲ. ಅದನ್ನ ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಅದು ನಮ್ಮ ತಪ್ಪು, ಒಪ್ತೀವಿ.

'ಪ್ರಶ್ನೆ ಏನಾದ್ರೂ ಇದೆಯಾ?' ಅಂತ ಕೊನೆಗೆ ಕೇಳಿದರು. ನಮ್ಮಲ್ಲಿ ಒಬ್ಬಳು ಎದ್ದು ನಿಂತಳು. ಅವಳಮ್ಮ ಪೌರಕಾರ್ಮಿಕಳು. ಆ ಕ್ಲಬ್ಬಿನ ಕಟ್ಟಡ ಇರೋ ಬೀದೀನ ದಿನಾ ಬೆಳಿಗ್ಗೆ ಐದೂವರೆಗೆ ಗುಡಿಸೋಳು. 'ಮೇಡಂ, ನಮ್ಮಮ್ಮ ನಿಮ್ಮ ಕ್ಲಬ್ಬಿಗೆ ಮೆಂಬರ್ ಆಗಬಹುದಾ?'

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಕ್ಕರು. 'ಅದಕ್ಕೆಲ್ಲ ರೂಲ್ಸ್ ಇದೆ ಪುಟ್ಟಾ' ಅಂದರು.

ಈ ಸುದ್ದೀನ ನಮ್ಮ ಚಳವಳಿಯ ಅಣ್ಣಂದಿರಿಗೆ ಹೇಳಿದಾಗ ಅವರೂ ನಕ್ಕರು. 'ಬಿಡ್ರಮ್ಮಾ, ಮಹಿಳಾ ಸಮಾಜ ಅಂದ್ರೆ ಉಪ್ಪಿನಕಾಯಿ, ರಂಗೋಲಿ, ದೊಡ್ಡೋರ ಹೆಂಡ್ತೀರ ಟೈಂಪಾಸು. ಅದರಿಂದ ನಮಗೇನಾಗಬೇಕು?' ಅಂದರು. ಆ ಎರಡನೇ ನಗು ನಮ್ಮನ್ನ ಹೆಚ್ಚು ಚುಚ್ಚಿತು. ಯಾಕಂದ್ರೆ ಅದು ಅರ್ಧ ಸತ್ಯ. ಮಹಿಳಾ ಕ್ಲಬ್ಬಿಗೆ ಒಳಗೆ ಕೂತವರ ಚರಿತ್ರೆ ಒಂದಿದೆ. ಬಾಗಿಲಲ್ಲಿ ತಡೆದು ನಿಲ್ಲಿಸಿದವರು ಹೊರಗೆ ಕಟ್ಟಿದ ಚರಿತ್ರೆ ಇನ್ನೊಂದಿದೆ. ಮೊದಲನೇದನ್ನ ನೋಡಿ ಎರಡನೇದನ್ನೂ ಕಸಕ್ಕೆ ಹಾಕೋದು ಯಾವ ಕ್ರಾಂತಿ?

ಆ ಎರಡನೇ ಚರಿತ್ರೆ ಹೇಳೋಕೆ ನಾವು ಅಮೆರಿಕಕ್ಕೆ ಹೋಗಬೇಕು. ನಮ್ಮ ಚಳವಳಿಗೆ ಆ ದಾರಿ ಹೊಸದಲ್ಲ. ಜೋತಿಬಾ ಫುಲೆ 1873ರಲ್ಲಿ ತಮ್ಮ 'ಗುಲಾಮಗಿರಿ'ಯನ್ನ ಅರ್ಪಿಸಿದ್ದು ಕರಿಯರ ಗುಲಾಮಗಿರಿ ತೊಡೆಯಲು ದುಡಿದ ಅಮೆರಿಕದ ಜನಕ್ಕೆ. ಬಾಬಾಸಾಹೇಬರು 1913ರಿಂದ 1916ರವರೆಗೆ ಓದಿದ್ದು ನ್ಯೂಯಾರ್ಕಿನಲ್ಲಿ. 1972ರಲ್ಲಿ ಬೊಂಬಾಯಿಯ ನಮ್ಮ ಹುಡುಗರು ಪ್ಯಾಂಥರ್ ಅನ್ನೋ ಹೆಸರು ತಂದದ್ದೂ ಅಲ್ಲಿಂದಲೇ. ಆದರೆ ನಮ್ಮ ಸಭೆಗಳಲ್ಲಿ ಯಾರ ಹೆಸರು ಕೇಳ್ತೀವಿ? ಮಾಲ್ಕಂ ಎಕ್ಸ್, ಮಾರ್ಟಿನ್ ಲೂಥರ್ ಕಿಂಗ್. ಎಲ್ಲಾ ಗಂಡಸರೇ. ಅಲ್ಲಿ ಹೆಂಗಸರು ಇರಲಿಲ್ಲವಾ?

ಇದ್ದರು. ಕೇಳಿ.

1868ರಲ್ಲಿ ಚಾರ್ಲ್ಸ್ ಡಿಕನ್ಸ್ ನ್ಯೂಯಾರ್ಕಿಗೆ ಬಂದಾಗ ಅಲ್ಲಿನ ಪತ್ರಕರ್ತರ ಕ್ಲಬ್ಬು ಅವನಿಗೆ ಊಟ ಇಟ್ಟಿತು. (ನಮ್ಮ ಇಂಗ್ಲಿಷ್ ಪಠ್ಯದಲ್ಲಿ ಬಂದು ಕಾಡಿಸ್ತಾನಲ್ಲ, ಅವನೇ.) ಪತ್ರಕರ್ತೆಯರು ಟಿಕೆಟ್ ಕೇಳಿದರೆ, ಹೆಂಗಸರಿಗೆ ಇಲ್ಲ ಅಂದರು. ಆ ಸಿಟ್ಟಿಗೆ ಜೇನ್ ಕನಿಂಗ್‌ಹ್ಯಾಮ್ ಕ್ರೋಲಿ ಎಂಬಾಕೆ 'ಸೊರೋಸಿಸ್' ಅಂತ ಹೆಂಗಸರದೇ ಕ್ಲಬ್ಬು ಕಟ್ಟಿದಳು. ಇಂಥ ಕ್ಲಬ್ಬುಗಳು ಊರೂರಿಗೂ ಹಬ್ಬಿ 1890ರಲ್ಲಿ ದೇಶಕ್ಕೆಲ್ಲ ಒಂದು ಒಕ್ಕೂಟ ಆಯಿತು. ಒಳ್ಳೇ ಕೆಲಸ ಮಾಡಲಿಲ್ಲ ಅಂತ ನಾವು ಹೇಳೋದಿಲ್ಲ. ಸಣ್ಣ ಸಣ್ಣ ಊರುಗಳಲ್ಲಿ ಸಾರ್ವಜನಿಕ ಲೈಬ್ರರಿ ತೆರೆಸಿದವರಲ್ಲಿ ಇವರು ಮುಂದು. ಕಲಬೆರಕೆ ತಿಂಡಿ, ಕಲಬೆರಕೆ ಔಷಧಿ ತಡೆಯೋಕೆ 1906ರಲ್ಲಿ ಕಾನೂನು ಬಂದಾಗ ಅದರ ಹಿಂದೆ ಇವರ ಒತ್ತಾಯವೂ ಇತ್ತು.

ಆದರೆ ಒಂದು ಊಟದ ಪಂಕ್ತಿಯಿಂದ ಎಬ್ಬಿಸಲ್ಪಟ್ಟವರು ತಮ್ಮದೇ ಪಂಕ್ತಿ ಹಾಕಿದಾಗ ಮಾಡಿದ್ದೇನು?

1900ನೇ ಇಸವಿ. ಮಿಲ್ವಾಕಿ ನಗರದಲ್ಲಿ ಆ ಒಕ್ಕೂಟದ ಮಹಾಸಭೆ. ಬಾಸ್ಟನ್ನಿನಿಂದ ಜೋಸೆಫೀನ್ ಸೇಂಟ್ ಪಿಯರ್ ರಫಿನ್ ಬಂದಳು. ಕಪ್ಪು ಹೆಂಗಸು. ಆಗ ಆಕೆಗೆ ಐವತ್ತು ದಾಟಿತ್ತು. ಕಪ್ಪು ಹೆಂಗಸರು ಕಪ್ಪು ಹೆಂಗಸರಿಗಾಗಿಯೇ ನಡೆಸಿದ 'ದಿ ವುಮನ್ಸ್ ಎರಾ' ಅನ್ನೋ ಪತ್ರಿಕೆಯನ್ನ 1894ರಿಂದ ತಂದವಳು. ಅದೇ ಹೆಸರಿನ ಆಕೆಯ ಕ್ಲಬ್ಬಿನ ಅರ್ಜಿಯನ್ನ ಒಕ್ಕೂಟ ಮೊದಲೇ ಒಪ್ಪಿತ್ತು. ಕಾಗದದ ಮೇಲೆ ಬಣ್ಣ ಕಾಣೋದಿಲ್ಲವಲ್ಲ! ಮಿಲ್ವಾಕಿಯಲ್ಲಿ ಮುಖ ಕಂಡಿತು. ಅಧ್ಯಕ್ಷೆ ಜಾರ್ಜಿಯಾದವಳು, ಗುಲಾಮಗಿರಿ ಇದ್ದ ದಕ್ಷಿಣದ ಕಡೆಯವಳು. ಕಾರ್ಯಕಾರಿ ಸಮಿತಿ ಕೂತು ಒಂದು ಉಪಾಯ ಹುಡುಕಿತು. ರಫಿನ್ ಬಿಳಿಯರ ಎರಡು ಸಂಸ್ಥೆಗಳಿಗೂ ಪ್ರತಿನಿಧಿಯಾಗಿದ್ದಳು. ಆ ಬಿಳಿಯರ ಪ್ರತಿನಿಧಿಯಾಗಿ ಬೇಕಾದರೆ ಒಳಗೆ ಬಾ, ನಿನ್ನ ಕಪ್ಪು ಕ್ಲಬ್ಬಿನ ಹೆಸರಲ್ಲಿ ಬರಬೇಡ, ಅಂದರು. ಆಕೆ ಒಪ್ಪಲಿಲ್ಲ. ಬಾಗಿಲಲ್ಲಿ ಆಕೆಯ ಎದೆಯ ಮೇಲಿದ್ದ ಬ್ಯಾಡ್ಜನ್ನ ಕಿತ್ತುಕೊಳ್ಳೋಕೆ ಕೈಹಾಕಿದರು. ಆಕೆ ಕೊಡಲಿಲ್ಲ.

ಗೆಳತಿಯರೆ, ಈ ಉಪಾಯವನ್ನ ಚೆನ್ನಾಗಿ ನೋಡಿಕೊಳ್ಳಿ. ನಮಗೆ ದಿನಾ ಬರೋದು ಇದೇ. 'ನೀನು ನಮ್ಮ ಹುಡುಗಿ ಥರಾನೇ ಇದ್ದೀಯ, ನೋಡಿದರೆ ಗೊತ್ತೇ ಆಗಲ್ಲ' ಅಂತಾರಲ್ಲ, ಅದು. ನಿನ್ನನ್ನ ಒಳಗೆ ಬಿಡ್ತೀವಿ, ನಿನ್ನ ಕೇರಿಯನ್ನ ಹೊರಗೆ ಬಿಟ್ಟು ಬಾ. ಎರಡು ವರ್ಷದ ಮೇಲೆ, 1902ರಲ್ಲಿ, ಒಕ್ಕೂಟದವರು ಲಾಸ್ ಏಂಜಲೀಸಿನಲ್ಲಿ ಸೇರಿ ಬಾಗಿಲಿಗೆ ಚಿಲಕ ಹಾಕೋ ನಿಯಮ ಮಾಡಿಕೊಂಡರು. ರೂಲ್ಸು! 'ಕರಿಯರಿಗೆ ಪ್ರವೇಶವಿಲ್ಲ' ಅಂತ ಅದರಲ್ಲಿ ಬರೀಲಿಲ್ಲ. ಹಾಗೆ ಬರೆಯೋ ದಡ್ಡರು ಯಾರೂ ಇಲ್ಲ. ಯಾವ ಕ್ಲಬ್ಬನ್ನ ಸೇರಿಸಬೇಕು ಅನ್ನೋದನ್ನ ಸುತ್ತುಬಳಸಿ ಆಯಾ ರಾಜ್ಯದವರ ಕೈಗೆ ಕೊಟ್ಟರು, ಅಷ್ಟೆ. ರೂಲ್ಸು ಇದೆ ಪುಟ್ಟಾ ಅಂದಾಗ ನಮಗೆ ನೆನಪಾಗಬೇಕಾದ್ದು ಈ ರೂಲ್ಸು.

ಕಪ್ಪು ಹೆಂಗಸರು ತಮ್ಮದೇ ಕ್ಲಬ್ಬು ಕಟ್ಟಿದ್ದು ಬಿಳಿಯರ ಬಾಗಿಲು ತೆರೀಲಿಲ್ಲ ಅನ್ನೋ ಒಂದೇ ಕಾರಣಕ್ಕಲ್ಲ. ಅವರ ಮನೆಗೆ ಬೆಂಕಿ ಬಿದ್ದಿತ್ತು. 1892ರ ಮಾರ್ಚಿನಲ್ಲಿ ಮೆಂಫಿಸ್ ಊರಿನಲ್ಲಿ ಮೂವರು ಕಪ್ಪು ಗಂಡಸರನ್ನ ಜೈಲಿನಿಂದ ಎಳೆದೊಯ್ದು ಕೊಂದರು. ಅವರ ಅಪರಾಧ ಏನು? ಕಿರಾಣಿ ಅಂಗಡಿ ಇಟ್ಟು ಬಿಳಿ ಅಂಗಡಿಯವನ ವ್ಯಾಪಾರ ಕಡಿಮೆ ಮಾಡಿದ್ದು. ಅದೇ ಊರಲ್ಲಿ ಪತ್ರಿಕೆ ನಡೆಸ್ತಿದ್ದ ಐಡಾ ಬಿ. ವೆಲ್ಸ್ ಇದನ್ನ ಬರೆದಳು. ಹೆಂಗಸಿನ ಮಾನದ ಹೆಸರು ಹೇಳಿ ಮಾಡೋ ಈ ಕೊಲೆಗಳ ಹಿಂದೆ ಇರೋದು ದುಡ್ಡು, ದರ್ಪ ಅಂತ ಬಿಚ್ಚಿಟ್ಟಳು. ಅವಳ ಪತ್ರಿಕೆ ಕಚೇರಿ ಪುಡಿಪುಡಿ ಮಾಡಿದರು, ಊರಿಗೆ ಬಂದರೆ ಕೊಲ್ತೀವಿ ಅಂದರು. ಆಗ ಅವಳ ಬೆನ್ನಿಗೆ ನಿಂತವರು ಯಾರು? ಆ ವರ್ಷ ಅಕ್ಟೋಬರಿನಲ್ಲಿ ನ್ಯೂಯಾರ್ಕ್ ಮತ್ತು ಬ್ರೂಕ್ಲಿನ್ನಿನ ಕಪ್ಪು ಹೆಂಗಸರು ಒಂದು ಸಭಾಂಗಣದಲ್ಲಿ ಸೇರಿ 500 ಡಾಲರ್ ಕೂಡಿಸಿ ಕೈಗಿಟ್ಟರು. ಲೇಖನಿ ಆಕಾರದ ಒಂದು ಚಿನ್ನದ ಪಿನ್ನು ಕೊಟ್ಟರು. ಆ ದುಡ್ಡಿನಲ್ಲಿ ಲಿಂಚಿಂಗ್ ವಿರುದ್ಧದ ಅವಳ ಮೊದಲ ಪುಸ್ತಿಕೆ ಅಚ್ಚಾಯಿತು. ಆ ಸಭೆ ಸೇರಿಸಿದ ಹೆಂಗಸರು ಚದುರಲಿಲ್ಲ, ಕ್ಲಬ್ಬಾಗಿ ನಿಂತರು. ನಮ್ಮ ಕೈಗೆ ಯಾರಾದರೂ ಬಾಳೆಹಣ್ಣಿಟ್ಟಾಗ ಈ ಪಿನ್ನು ನೆನೆಸಿಕೊಳ್ಳೋಣ.

1895ರಲ್ಲಿ ಮಿಸೌರಿಯ ಒಬ್ಬ ಪತ್ರಿಕಾ ಸಂಘದ ಅಧ್ಯಕ್ಷ, ಕಪ್ಪು ಹೆಂಗಸರಿಗೆ ಶೀಲವೇ ಇಲ್ಲ, ಎಲ್ಲಾ ಕಳ್ಳಿಯರು ಸುಳ್ಳಿಯರು ಅಂತ ಕಾಗದ ಬರೆದ. ನಮ್ಮ ಅವ್ವಂದಿರ ಬಗ್ಗೆ ಊರ ಕಟ್ಟೆ ಮೇಲೆ ಕೂತವರು ಆಡೋ ಮಾತೇ, ಅಕ್ಷರ ಬೇರೆ. ರಫಿನ್ ಆ ಕಾಗದವನ್ನ ಎಲ್ಲಾ ಕ್ಲಬ್ಬುಗಳಿಗೂ ಕಳಿಸಿ ಬಾಸ್ಟನ್ನಿಗೆ ಕರೆದಳು. ಮರುವರ್ಷ 1896ರ ಜುಲೈನಲ್ಲಿ ವಾಷಿಂಗ್ಟನ್ನಿನಲ್ಲಿ ಎರಡು ಒಕ್ಕೂಟ ಸೇರಿ ಒಂದಾದವು. ಹುಟ್ಟಿದ್ದು ಕಪ್ಪು ಮಹಿಳೆಯರ ರಾಷ್ಟ್ರೀಯ ಸಂಘ. ಅದಕ್ಕೆ ಎರಡು ತಿಂಗಳ ಹಿಂದೆ ತಾನೇ ಅವರ ಸುಪ್ರೀಂ ಕೋರ್ಟು, ಬಿಳಿಯರಿಗೆ ಒಂದು ಡಬ್ಬಿ ಕರಿಯರಿಗೆ ಒಂದು ಡಬ್ಬಿ ರೈಲಿನಲ್ಲಿ ಇಟ್ಟರೆ ತಪ್ಪಿಲ್ಲ ಅಂತ ತೀರ್ಪು ಕೊಟ್ಟಿತ್ತು. ಆ ಸಭೆಗೆ ಹ್ಯಾರಿಯೆಟ್ ಟಬ್‌ಮನ್ ಬಂದಿದ್ದಳು. ಗುಲಾಮಗಿರಿಯಿಂದ ತಾನು ತಪ್ಪಿಸಿಕೊಂಡು, ಮತ್ತೆ ಮತ್ತೆ ಒಳಗೆ ನುಗ್ಗಿ ತನ್ನ ಜನರನ್ನ ರಾತ್ರಿ ನಡೆಸಿಕೊಂಡು ಬಂದ ಮುದುಕಿ. ಐಡಾ ವೆಲ್ಸಳ ಹಸುಗೂಸನ್ನ ಎತ್ತಿ ಸಭೆಗೆ ತೋರಿಸಿದವಳು ಅವಳೇ. ಬಾಣಂತಿ ಸಭೆಗೆ ಬಂದಿದ್ದಳು ಅನ್ನೋದನ್ನ ಗಮನಿಸಿ. ಕೂಸು ಅಳುತ್ತೆ, ಹೊರಗೆ ಹೋಗಮ್ಮ ಅಂತ ಯಾರೂ ಅನ್ನಲಿಲ್ಲ.

ಇನ್ನು ಕೆಲಸದ ಮಾತು. ನಾವು ಹಾಸ್ಟೆಲಿನವರು, ಆದ್ದರಿಂದ ಹಾಸ್ಟೆಲಿನದೇ ಮೊದಲು ಹೇಳ್ತೀವಿ.

ದಕ್ಷಿಣದ ಹಳ್ಳಿಗಳಿಂದ ಕಪ್ಪು ಹುಡುಗಿಯರು ಮನೆಗೆಲಸ ಹುಡುಕಿಕೊಂಡು ಉತ್ತರದ ಪಟ್ಟಣಗಳಿಗೆ ಬರ್ತಿದ್ದರು. ಹಡಗುಕಟ್ಟೆಯಲ್ಲಿ ಇಳಿದ ಕೂಡಲೇ ದಲ್ಲಾಳಿಗಳು ಮುತ್ತಿಕೊಳ್ಳೋರು. ಕೆಲಸ ಕೊಡಿಸ್ತೀವಿ ಅಂತ ಕರಕೊಂಡು ಹೋಗಿ ಎಲ್ಲಿಗೆ ತಳ್ಳುತ್ತಿದ್ದರು ಅಂತ ಬಿಡಿಸಿ ಹೇಳಬೇಕಾ? ಗುಲಾಮಳಾಗಿ ಹುಟ್ಟಿದ್ದ ವಿಕ್ಟೋರಿಯಾ ಅರ್ಲ್ ಮ್ಯಾಥ್ಯೂಸ್ 1897ರಲ್ಲಿ ನ್ಯೂಯಾರ್ಕಿನಲ್ಲಿ 'ವೈಟ್ ರೋಸ್ ಮಿಷನ್' ತೆರೆದಳು. ಅವರ ಹೆಂಗಸರು ಹಡಗುಕಟ್ಟೆಗೇ ಹೋಗಿ ನಿಂತು, ದಲ್ಲಾಳಿ ಕೈಹಾಕೋ ಮೊದಲೇ ಹುಡುಗಿಯ ಕೈಹಿಡಿದು ಕರಕೊಂಡು ಬರೋರು. ಮಲಗೋಕೆ ಜಾಗ, ಒಂದು ಹೊತ್ತು ಊಟ, ಹೊಲಿಗೆ, ಓದು, ಜೊತೆಗೆ ತಮ್ಮ ಜನಾಂಗದ ಚರಿತ್ರೆಯ ಪಾಠ.

ಕ್ಲೀವ್‌ಲ್ಯಾಂಡ್ ಊರಿಗೆ 1905ರಲ್ಲಿ ಜೇನ್ ಎಡ್ನಾ ಹಂಟರ್ ಅನ್ನೋ ನರ್ಸು ಬಂದಳು. ರೂಮು ಸಿಗಲಿಲ್ಲ. ಬಿಳಿ ಹುಡುಗಿಯರಿಗೆ ಕ್ರೈಸ್ತ ಮಹಿಳಾ ಸಂಘದ ವಸತಿಗೃಹ ಇತ್ತು, ಕರಿಯಳಿಗೆ ಇಲ್ಲ. ಬಿ.ಎಡ್. ಓದೋಕೆ ಪಟ್ಟಣಕ್ಕೆ ಬಂದು 'ನೀವು ಯಾವ ಜನ?' ಅಂತ ಕೇಳಿಸಿಕೊಂಡು ಬೀದಿ ಬೀದಿ ಅಲೆದ ಅಕ್ಕಂದಿರು ನಮ್ಮಲ್ಲೂ ಇದಾರೆ, ಅವರಿಗೆ ಇದು ಕತೆ ಅಲ್ಲ. 1911ರಲ್ಲಿ ಹಂಟರ್ ತನ್ನಂಥ ಕೆಲವು ಕೂಲಿ ಹೆಂಗಸರನ್ನ ಕೂರಿಸಿಕೊಂಡು ಸಂಘ ಮಾಡಿದಳು. ವಂತಿಗೆ ವಾರಕ್ಕೆ ಒಂದು ನಿಕಲ್, ಅಂದರೆ ಐದು ಸೆಂಟು. 1913ರ ಹೊತ್ತಿಗೆ ಇಪ್ಪತ್ತಮೂರು ಕೋಣೆಯ ಮನೆ ತೆರೆದರು. ಬಟ್ಟೆ ಒಗೆಯೋರ, ಅಡುಗೆ ಮಾಡೋರ ಐದೈದು ಸೆಂಟಿನಿಂದ ಮೊದಲಾದದ್ದು! ಆಮೇಲೆ ದೊಡ್ಡವರ ದೇಣಿಗೆಯೂ ಬಂತು, ಅದರ ಜೊತೆ ಬಿಳಿಯರ ಹಿಡಿತವೂ ಬಂತು ಅನ್ನೋದನ್ನ ಮುಚ್ಚಿಡೋದಿಲ್ಲ. ಕೊಟ್ಟವನು ಕೀಲಿಕೈ ಕೇಳ್ತಾನೆ, ಅಲ್ಲೂ ಇಲ್ಲೂ.

ಅಟ್ಲಾಂಟಾದ ಕತೆ ಇನ್ನೂ ಹತ್ತಿರದ್ದು. ಒಂದು ಕೇರಿಯಲ್ಲಿ ಒಬ್ಬಳು ಹೆಂಗಸು ಕಾಯಿಲೆ ಬಿದ್ದು ಯಾರ ಗಮನಕ್ಕೂ ಬಾರದೆ ಸತ್ತುಹೋದಳು. ಪಕ್ಕದ ಮನೆಯವರಿಗೂ ತಿಳಿಯಲಿಲ್ಲ. ಆ ನಾಚಿಕೆಯಿಂದ 1908ರಲ್ಲಿ ಲ್ಯೂಜೀನಿಯಾ ಬರ್ನ್ಸ್ ಹೋಪ್ ಮತ್ತು ಅಕ್ಕಪಕ್ಕದ ಹೆಂಗಸರು 'ನೆಬರ್‌ಹುಡ್ ಯೂನಿಯನ್' ಕಟ್ಟಿದರು, ನೆರೆಹೊರೆಯ ಸಂಘ. ಊರನ್ನ ಭಾಗ ಭಾಗ ಮಾಡಿಕೊಂಡು ಮನೆ ಮನೆಗೂ ಹೋದರು. ಯಾರ ಮನೇಲಿ ಕ್ಷಯ, ಯಾರ ಮನೇಲಿ ನೀರಿಲ್ಲ, ಯಾವ ಬೀದಿಗೆ ದೀಪವಿಲ್ಲ, ಎಲ್ಲಾ ಬರೆದುಕೊಂಡರು. ದವಾಖಾನೆ ತೆರೆದರು. 1913ರಲ್ಲಿ ಕಪ್ಪು ಮಕ್ಕಳ ಶಾಲೆಗಳನ್ನೆಲ್ಲ ತಪಾಸಣೆ ಮಾಡಿದರು. ಬೆಳಕಿಲ್ಲ, ಬೆಂಚಿಲ್ಲ, ಒಂದೇ ಮೇಷ್ಟ್ರು ಬೆಳಿಗ್ಗೆ ಒಂದು ಗುಂಪಿಗೆ, ಮಧ್ಯಾಹ್ನ ಇನ್ನೊಂದು ಗುಂಪಿಗೆ ಪಾಠ ಹೇಳಬೇಕು. ಅಂಕಿಅಂಶ ಹಿಡಕೊಂಡು ನಗರಸಭೆ ಮುಂದೆ ಹೋಗಿ ನಿಂತರು. ಎಲ್ಲಾ ಸಿಕ್ಕಿತಾ? ಸಿಗಲಿಲ್ಲ. ಒಂದಿಷ್ಟು ಸಿಕ್ಕಿತು. ಆದರೆ ಮುಂದೆ ಯಾರೂ 'ನಮಗೆ ಗೊತ್ತೇ ಇರಲಿಲ್ಲ' ಅನ್ನೋ ಹಾಗಿರಲಿಲ್ಲ. ಸೇವೆ ಅಂದರೆ ಕೊಡೋದಲ್ಲ, ಎಣಿಸೋದು! ನಮ್ಮ ಹಾಸ್ಟೆಲಿನ ಅರವತ್ತು ಜನಕ್ಕೆ ಮೂರು ಕಕ್ಕಸು, ಅದರಲ್ಲಿ ಒಂದಕ್ಕೆ ಅಗುಳಿ ಇಲ್ಲ. ಇದನ್ನ ಯಾವ ಕ್ಲಬ್ಬು ಎಣಿಸಿದೆ?

ಇಷ್ಟು ಹೊಗಳಿದ ಮೇಲೆ ಬಯ್ಯಬೇಕಾದ್ದನ್ನೂ ಬಯ್ಯಬೇಕು. ಆ ರಾಷ್ಟ್ರೀಯ ಸಂಘದ ಮೊದಲ ಅಧ್ಯಕ್ಷೆ ಮೇರಿ ಚರ್ಚ್ ಟೆರೆಲ್, ಕಪ್ಪು ಜನರಲ್ಲೇ ಭಾರಿ ಶ್ರೀಮಂತನ ಮಗಳು. ಸಂಘದ ಘೋಷಣೆಯನ್ನ ಕನ್ನಡಕ್ಕೆ ತಂದರೆ 'ಏರುತ್ತಾ ಎತ್ತುತ್ತೇವೆ' ಅಂತ ಆಗುತ್ತೆ. ಕೇಳೋಕೆ ಚೆಂದ. ಆದರೆ ಮೇಲೆ ಏರಿದವಳೇ ಕೆಳಗಿನವಳನ್ನ ಎತ್ತಬೇಕಾ? ಕೆಳಗಿನವಳಿಗೆ ಕಾಲಿಲ್ಲವಾ? ಬಡ ಹೆಂಗಸರಿಗೆ ಗಟ್ಟಿಯಾಗಿ ನಗಬೇಡಿ, ಬೀದೀಲಿ ನಿಂತು ಮಾತಾಡಬೇಡಿ, ಬಿಳಿಯರು ಮೆಚ್ಚೋ ಹಾಗೆ ನಡಕೊಳ್ಳಿ ಅಂತ ಪಾಠ ಹೇಳೋ ಚಾಳಿ ಆ ಕ್ಲಬ್ಬುಗಳಿಗೂ ಇತ್ತು. ಇದನ್ನ ನಾವು ದೂರದಿಂದ ನಿಂತು ಬಯ್ಯೋದಲ್ಲ. ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿದ ನಮ್ಮ ಅಕ್ಕಂದಿರು ಹಟ್ಟಿಗೆ ಬಂದಾಗ ಮೂಗು ಮುಚ್ಚಿಕೊಳ್ಳೋದನ್ನ ನೋಡಿದೀವಿ. ನಾಳೆ ನಾವೂ ಮುಚ್ಚಿಕೊಳ್ತೀವೋ ಏನೋ. ಒಂದು ಮಾತು ಟೆರೆಲ್ ಪರವಾಗಿ ಹೇಳಲೇಬೇಕು. ಎಂಬತ್ತು ದಾಟಿದ ಮೇಲೂ ಆ ಮುದುಕಿ ಕೋಲೂರಿಕೊಂಡು ವಾಷಿಂಗ್ಟನ್ನಿನ ಹೋಟೆಲುಗಳ ಮುಂದೆ ಧರಣಿ ನಿಂತಳು. ಕರಿಯರಿಗೂ ಊಟ ಬಡಿಸಬೇಕು ಅಂತ 1953ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದಳು.

ಹೋಟೆಲು ಅಂದಮೇಲೆ ಊಟದ ಪಂಕ್ತಿಗೆ ವಾಪಸ್ ಬರೋಣ. ಈಗ ನಮ್ಮ ದೇಶದ ಪಂಕ್ತಿ.

ನಾಗಪುರದ ಜಾಯಿಬಾಯಿ ಚೌಧರಿ. ಮಹಾರ್ ಹೆಂಗಸು. ಬರಗಾಲದಲ್ಲಿ ರೈಲ್ವೆ ಸ್ಟೇಷನ್ನಿನಲ್ಲಿ ಮೂಟೆ ಹೊತ್ತವಳು. ಮಿಷನ್ನಿನ ಒಬ್ಬ ಸನ್ಯಾಸಿನಿಯ ಸಹಾಯದಿಂದ ಓದಿ ಟೀಚರ್ ಆದಳು. ಅಸ್ಪೃಶ್ಯಳು ಅಂತ ಗೊತ್ತಾದ ಕೂಡಲೇ ಮೇಲ್ಜಾತಿಯವರು ಮಕ್ಕಳನ್ನ ಶಾಲೆಯಿಂದ ಬಿಡಿಸಿದರು, ಕೆಲಸ ಹೋಯಿತು. ಅವಳು 1922ರಲ್ಲಿ ತನ್ನ ಜನದ ಹೆಣ್ಣುಮಕ್ಕಳಿಗೆ ತಾನೇ ಶಾಲೆ ತೆರೆದಳು, ಸಂತ ಚೋಖಾಮೇಳನ ಹೆಸರಿನಲ್ಲಿ. 1937ರ ಕೊನೆಯಲ್ಲಿ ಅದೇ ನಾಗಪುರದಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನದ ಅಧಿವೇಶನ ನಡೆಯಿತು. 1927ರಲ್ಲಿ ಪುಣೆಯಲ್ಲಿ ಹುಟ್ಟಿದ ಸಂಸ್ಥೆ ಅದು. ಬಾಲ್ಯವಿವಾಹದ ವಿರುದ್ಧ 1929ರ ಶಾರದಾ ಕಾಯ್ದೆಗೆ ಹೋರಾಡಿದ ವಿದ್ಯಾವಂತ ಹೆಂಗಸರ ದೊಡ್ಡ ಸಂಸ್ಥೆ. ಅಲ್ಲಿ ಊಟಕ್ಕೆ ಕೂರುವಾಗ ಜಾಯಿಬಾಯಿಯನ್ನ ಬೇರೆ ಕೂರಿಸಿದರು.

ಮಿಲ್ವಾಕಿಯಲ್ಲಿ ಬ್ಯಾಡ್ಜು, ನಾಗಪುರದಲ್ಲಿ ಎಲೆ. ನಮ್ಮ ಹಾಸ್ಟೆಲಿನಲ್ಲಿ ಫ್ಲಾಸ್ಕು.

ಆದರೆ ಜಾಯಿಬಾಯಿ ಅಳುತ್ತಾ ಮನೆಗೆ ಹೋಗಲಿಲ್ಲ. 1938ರ ಜನವರಿ 1ರಂದು ದಲಿತ ಹೆಂಗಸರು ನಾಗಪುರದಲ್ಲೇ ಸೇರಿ ಖಂಡನಾ ಸಭೆ ಮಾಡಿದರು. 1942ರ ಜುಲೈನಲ್ಲಿ ನಾಗಪುರದಲ್ಲಿ ಬಾಬಾಸಾಹೇಬರ ದೊಡ್ಡ ಸಮ್ಮೇಳನ ನಡೆದಾಗ ಹೆಂಗಸರದ್ದೇ ಬೇರೆ ಸಮ್ಮೇಳನ ಆಯಿತು, ಸುಲೋಚನಾಬಾಯಿ ಡೋಂಗ್ರೆ ಅಧ್ಯಕ್ಷತೆಯಲ್ಲಿ. ಇಪ್ಪತ್ತೈದು ಸಾವಿರ ಹೆಂಗಸರು ಸೇರಿದ್ದರು ಅಂತ ದಾಖಲೆ. ಅವರ ನಿರ್ಣಯಗಳನ್ನ ಓದಿ ನಾವು ಬೆಚ್ಚಿಬಿದ್ದೆವು. ಗಂಡನನ್ನ ಬಿಡೋ ಹಕ್ಕು ಬೇಕು. ಒಬ್ಬನಿಗೆ ಇಬ್ಬರು ಹೆಂಡಿರು ನಿಲ್ಲಬೇಕು. ಗಿರಣಿ, ಬೀಡಿ ಕೆಲಸದ ಹೆಂಗಸರಿಗೆ ರಜೆ ಬೇಕು. ಹೆಣ್ಣುಮಕ್ಕಳಿಗೆ ಸರ್ಕಾರದ ಹಾಸ್ಟೆಲು ಬೇಕು. ನಾವು ಇವತ್ತು ಮಲಗೋ ಕಬ್ಬಿಣದ ಮಂಚ ಯಾವ ಕ್ಲಬ್ಬಿನ ದಾನವೂ ಅಲ್ಲ, ಆ ಹೆಂಗಸರು ಕೇಳಿದ ಪಾಲು.

ಅದಕ್ಕೂ ಹಿಂದೆ, 1852ರಲ್ಲೇ, ಸಾವಿತ್ರಿಬಾಯಿ ಫುಲೆ ಪುಣೆಯಲ್ಲಿ ಮಹಿಳಾ ಸೇವಾ ಮಂಡಳ ಕಟ್ಟಿದ್ದಳು. ಆ ವರ್ಷದ ಸಂಕ್ರಾಂತಿಗೆ ಹೆಂಗಸರನ್ನ ಎಳ್ಳುಬೆಲ್ಲಕ್ಕೆ ಕರೆದಾಗ, ಯಾವ ಜಾತಿಯವಳು ಬಂದರೂ ಎಲ್ಲರಿಗೂ ಒಂದೇ ಜಮಖಾನ ಅಂತ ಮೊದಲೇ ತಿಳಿಸಿ ಕರೆದಳು. ಹೆಂಗಸರ ಸಂಘದ ಮೊದಲ ರೂಲ್ಸು ನಮ್ಮ ದೇಶದಲ್ಲಿ ಇದಾಗಿತ್ತು, ಕ್ಲಬ್ಬಿನ ಅಮ್ಮಂದಿರೆ. ಅದನ್ನ ಮಡಚಿ ಅಟ್ಟಕ್ಕೆ ಹಾಕಿದವರು ನೀವು.

ಇಷ್ಟು ಹೊತ್ತು ಕ್ಲಬ್ಬಿನವರನ್ನ ಬಯ್ದದ್ದಕ್ಕೆ ಅಣ್ಣಂದಿರು ಚಪ್ಪಾಳೆ ಹೊಡೆದಿರಬಹುದು. ಈಗ ನಿಮ್ಮ ಸರದಿ.

ಅಲಬಾಮಾದ ಮಾಂಟ್ಗೊಮರಿ ಊರಿನ ಬಸ್ಸಿನ ಚಳವಳಿ ನಿಮಗೆಲ್ಲ ಗೊತ್ತು. ರೋಸಾ ಪಾರ್ಕ್ಸ್ ಸೀಟು ಬಿಡಲಿಲ್ಲ, ಕಿಂಗ್ ಮುಂದಾಳಾದ, 381 ದಿನ ಜನ ನಡೆದೇ ಓಡಾಡಿದರು. ಸರಿ. ಆ ಚಳವಳಿಯನ್ನ ಶುರು ಮಾಡಿದ್ದು ಯಾರು? ಒಂದು ಹೆಂಗಸರ ಸಂಘ. 1946ರಲ್ಲಿ ಮೇರಿ ಫೇರ್ ಬರ್ಕ್ಸ್ ಅನ್ನೋ ಇಂಗ್ಲಿಷ್ ಮೇಡಂ ಕಟ್ಟಿದ ಮಹಿಳಾ ರಾಜಕೀಯ ಪರಿಷತ್ತು. ಟೀಚರುಗಳು, ನರ್ಸುಗಳು, ಕಚೇರಿ ಕೆಲಸದವರು. 1950ರಿಂದ ಅದರ ಅಧ್ಯಕ್ಷೆ ಜೋ ಆನ್ ರಾಬಿನ್ಸನ್, ಕರಿಯರ ಕಾಲೇಜಿನ ಅಧ್ಯಾಪಕಿ. 1954ರ ಮೇ ತಿಂಗಳಲ್ಲೇ ಆಕೆ ಮೇಯರಿಗೆ ಕಾಗದ ಬರೆದಿದ್ದಳು, ಬಸ್ಸಿನಲ್ಲಿ ಹೀಗೇ ನಡೆದರೆ ಬಹಿಷ್ಕಾರ ಹಾಕ್ತೀವಿ ಅಂತ.

1955ರ ಡಿಸೆಂಬರ್ 1, ಗುರುವಾರ ಸಂಜೆ ರೋಸಾ ಪಾರ್ಕ್ಸಳನ್ನ ಹಿಡಿದರು. ಗಂಡಸರು ಸಭೆ ಯಾವಾಗ ಇಡೋಣ ಅಂತ ಯೋಚಿಸೋದರೊಳಗೆ ರಾಬಿನ್ಸನ್ ನಡುರಾತ್ರಿ ಕಾಲೇಜಿಗೆ ಹೋದಳು. ಜೊತೆಗೆ ಒಬ್ಬ ಸಹೋದ್ಯೋಗಿ, ತನ್ನ ತರಗತಿಯ ಇಬ್ಬರು ವಿದ್ಯಾರ್ಥಿಗಳು. ಅಲ್ಲೊಂದು ಯಂತ್ರ ಇತ್ತು. ಯಾವುದು ಗೊತ್ತಾ? ಸ್ಟೆನ್ಸಿಲ್ಲು, ಶಾಯಿ, ತಿರುಗೋ ಡ್ರಮ್ಮು. ಈಗ ನಿಮ್ಮ ಕೈಯಲ್ಲಿರೋ ಈ ಹಾಳೆ ಹೊರಬಂದದ್ದು ಅದೇ ಥರದ ಯಂತ್ರದಿಂದ. ಒಂದು ಹಾಳೆಯಲ್ಲಿ ಅದೇ ಮಾತು ಮೂರು ಸಲ, ಆಮೇಲೆ ಕತ್ತರಿಸಿದರು, ಕಾಗದ ಉಳಿಸೋಕೆ. ಸೋಮವಾರ ಬಸ್ಸು ಹತ್ತಬೇಡಿ. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಹತ್ತಾರು ಸಾವಿರ ಕರಪತ್ರ ತಯಾರು. ಎಂಟು ಗಂಟೆಗೆ ಹೋಗಿ ಪಾಠ ಹೇಳಿದಳು. ಆಮೇಲೆ ಆ ಇಬ್ಬರು ವಿದ್ಯಾರ್ಥಿಗಳನ್ನ ಕೂರಿಸಿಕೊಂಡು ಕಾರಿನಲ್ಲಿ ಶಾಲೆ ಶಾಲೆಗೂ ಕಟ್ಟು ಇಳಿಸುತ್ತಾ ಹೋದಳು. ಸೋಮವಾರ ಬಸ್ಸುಗಳು ಖಾಲಿ ಓಡಿದವು.

ಆ ಸೋಮವಾರ ಮಧ್ಯಾಹ್ನ ಹೊಸ ಸಂಘಟನೆ ಆಯಿತು. ಅಧ್ಯಕ್ಷ ಗಂಡಸು. ರಾತ್ರಿ ಚರ್ಚಿನಲ್ಲಿ ಸಾವಿರಾರು ಜನರ ಮುಂದೆ ಭಾಷಣ ಮಾಡಿದವರೂ ಗಂಡಸರು. ಯಂತ್ರ ತಿರುಗಿಸಿದವಳು? ಕಾಲೇಜಿನ ಕೆಲಸ ಹೋಗಬಾರದು ಅಂತ ತಾನೇ ಹೆಸರು ಮುಂದೆ ತರಲಿಲ್ಲ. ಆದರೂ ಪೊಲೀಸರಿಗೆ ಗೊತ್ತಿತ್ತು, ಮನೆಯ ಕಿಟಕಿ ಒಡೆದರು, ಕಾರಿನ ಮೇಲೆ ಆಸಿಡ್ ಸುರಿದರು. ಆಕೆಯ ಪುಸ್ತಕ ಬರೋ ಹೊತ್ತಿಗೆ 1987 ಆಗಿತ್ತು. ಬಸ್ಸಿನ ಕಾನೂನು ಬಿದ್ದದ್ದು ಯಾವ ಕೇಸಿನಿಂದ? ಆ ಕೇಸಿನಲ್ಲಿ ಕೊನೆವರೆಗೆ ನಿಂತ ನಾಲ್ವರೂ ಹೆಂಗಸರೇ. ಅದರಲ್ಲೊಬ್ಬಳು ಕ್ಲಾಡೆಟ್ ಕೋಲ್ವಿನ್, ರೋಸಾ ಪಾರ್ಕ್ಸಳಿಗಿಂತ ಒಂಬತ್ತು ತಿಂಗಳು ಮೊದಲೇ ಸೀಟು ಬಿಡದೆ ಕೂತ ಹದಿನೈದು ವರ್ಷದ ಹುಡುಗಿ. ಬಡವರ ಮನೆಯವಳು, ಬಾಯಿ ಜೋರು, ಇವಳನ್ನ ಮುಂದಿಟ್ಟರೆ ಮರ್ಯಾದೆ ಸಿಗಲ್ಲ ಅಂತ ಮುಂದಾಳುಗಳು ಹಿಂದೆ ಸರಿಸಿದ್ದ ಹುಡುಗಿ.

ಈಗ ಹೇಳಿ ಅಣ್ಣಂದಿರೆ. ನಮ್ಮ ಚಳವಳಿಯ ಸಭೆ ಯಾವಾಗಲೂ ರಾತ್ರಿ ಏಳಕ್ಕೆ ಯಾಕೆ? ನಮ್ಮ ಹಾಸ್ಟೆಲಿನ ಗೇಟು ಆರಕ್ಕೆ ಮುಚ್ಚುತ್ತೆ ಅಂತ ಗೊತ್ತಿಲ್ಲವಾ? ಗೊತ್ತಿದ್ದೂ 'ಹುಡುಗಿಯರು ಬರೋದೇ ಇಲ್ಲ' ಅಂತೀರಿ. ಬಂದಾಗ ಏನು ಕೆಲಸ? ಸ್ವಾಗತಗೀತೆ, ಟೀ, ಹಾರ. ಮೊದಲು ಜಾತಿ ನಾಶ ಆಗಲಿ, ಆಮೇಲೆ ಹೆಂಗಸರ ವಿಷಯ ಅಂತ ಹೋದ ಸಲ ಒಬ್ಬರು ವೇದಿಕೆಯಿಂದ ಹೇಳಿದರು. ಜಾಯಿಬಾಯಿಯನ್ನ ಬೇರೆ ಕೂರಿಸಿದ್ದು ಜಾತಿಗೋ, ಹೆಂಗಸಿಗೋ? ಬಿಡಿಸಿ ಹೇಳಿ ನೋಡೋಣ. ಆ ಮಾತಾಡಿದವರ ತಾಯಿ ಹೊಲದಲ್ಲಿ ಗಂಡಾಳಿಗಿಂತ ಕಡಿಮೆ ಕೂಲಿ ತಗೊಂಡಾಗ ಕಡಿತ ಆದದ್ದು ಯಾವ ಲೆಕ್ಕಕ್ಕೆ?

ನಮಗೆ ದಯೆ ಬೇಡ, ವೇದಿಕೆ ಮೇಲೆ ಒಂದು ಕುರ್ಚಿಯೂ ಬೇಡ. ನಮ್ಮದೇ ಸಂಘ ಮಾಡ್ತೀವಿ. ಚಳವಳಿ ಒಳಗೇ ಇರ್ತೀವಿ, ಹೊರಗೆ ಹೋಗಲ್ಲ. ಆದರೆ ಹಣದ ಡಬ್ಬಿ ನಮ್ಮದು, ಲೆಕ್ಕ ನಮ್ಮದು. ಈ ಪತ್ರಿಕೆಯಲ್ಲಿ ಪ್ರತಿ ಸಲ ಎರಡು ಪುಟ ನಮ್ಮದು, ಅದನ್ನ ತಿದ್ದೋ ಪೆನ್ನೂ ನಮ್ಮದು. ಸ್ಟೆನ್ಸಿಲ್ ಕೊರೆಯೋದನ್ನ ನಮಗೂ ಕಲಿಸಿ. ಮೆಂಬರ್ ಆಗೋಕೆ ಓದಿರಬೇಕು ಅಂತ ಇಲ್ಲ. ಮೊದಲ ಮೆಂಬರ್ ಯಾರು ಅಂತ ಆಗಲೇ ತೀರ್ಮಾನ ಆಗಿದೆ: ಬೆಳಿಗ್ಗೆ ಐದೂವರೆಗೆ ಬೀದಿ ಗುಡಿಸೋ ಆ ಅಮ್ಮ. ಅವರನ್ನ ಕೇಳಿದೆವು. 'ಏನು ಮಾಡಬೇಕವ್ವಾ?' ಅಂದರು. 'ಮೊದಲು ಎಣಿಸಬೇಕಮ್ಮ' ಅಂದೆವು. 'ಎಣಿಸೋದಾ? ನಂಗೆ ಊರಿನ ಚರಂಡಿ ಪೂರ್ತಿ ಬಾಯಿಪಾಠ' ಅಂದರು.

ಮೊದಲ ಕೆಲಸ ಹಾಸ್ಟೆಲುಗಳ ತಪಾಸಣೆ. ನೀರು, ಕಕ್ಕಸು, ಅಗುಳಿ, ದೀಪ, ಊಟದ ಅಕ್ಕಿ, ತಡವಾದ ಸ್ಕಾಲರ್‌ಶಿಪ್ಪು. ಹುಡುಗರ ಹಾಸ್ಟೆಲುಗಳನ್ನೂ ನಾವೇ ನೋಡ್ತೀವಿ. ಬರೆದುಕೊಂಡದ್ದನ್ನ ಮುಂದಿನ ಸಂಚಿಕೆಯಲ್ಲಿ ಹಾಕ್ತೀವಿ, ಒಂದು ಪ್ರತಿ ಇಲಾಖೆಗೆ, ಒಂದು ಪ್ರತಿ ಆ ಕ್ಲಬ್ಬಿಗೆ.

ಬರೋ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹಾಸ್ಟೆಲಿನ ಹಿಂದಿನ ಹುಣಸೇಮರದ ಕೆಳಗೆ ಸೇರ್ತೀವಿ. ವಂತಿಗೆ ಐದು ರೂಪಾಯಿ. ಕೂಸಿರೋರು ಕೂಸು ಎತ್ತಿಕೊಂಡು ಬನ್ನಿ. ಹಾಸೋಕೆ ನಮ್ಮ ಹತ್ತಿರ ಒಂದೇ ಜಮಖಾನ ಇದೆ, ಸಾಲದಿದ್ದರೆ ಅಂಚಿಗೆ ಸೇರಿಸೋಕೆ ಒಂದು ಚಾಪೆ ತನ್ನಿ. ಕಾಫಿ ಅಡುಗೆ ಅಕ್ಕ ಮಾಡ್ತಾರೆ.